ಗ್ರೀಕರ ಜಗತ್ತಿನ ಅಂಚಿನಲ್ಲಿ ಏನಿತ್ತು?

ಪ್ರಶ್ನೆ: ಭೂಮಿಯನ್ನು ಸುತ್ತುವರಿದು ಓಷಿಯಾನಸ್ ನದಿ ಹರಿಯುತ್ತದೆ ಎಂಬ ಪ್ರಾಚೀನ ಗ್ರೀಕ್ ಕವಿ ಹೋಮರನ ಕಲ್ಪನೆಯನ್ನು ನಂತರದ ಗ್ರೀಕ್ ವಿದ್ವಾಂಸರೂ ಒಪ್ಪಿದ್ದರೇ?

ಉತ್ತರ 1: ಎಲ್ಲರೂ ಒಪ್ಪಿರಲಿಲ್ಲ. ಕ್ರಿ.ಪೂ. 5ನೆಯ ಶತಮಾನದ ಇತಿಹಾಸಕಾರ ಹೆರೊಡೋಟಸ್, ಕೈವಾರದಿಂದ ಎಳೆದಂತೆ ದುಂಡಗಿರುವ ಭೂಮಿಯ ಸುತ್ತ ಸಾಗರವನ್ನು ಚಿತ್ರಿಸುವವರನ್ನು ಕಂಡು ನಕ್ಕನಲ್ಲದೆ, ಯುರೋಪಿನ ಉತ್ತರಕ್ಕೆ ಸಮುದ್ರವಿದೆಯೇ ಎಂಬುದು ಯಾರಿಗೂ ಖಚಿತವಾಗಿ ತಿಳಿದಿಲ್ಲವೆಂದು ಬರೆದನು. ಕ್ಯಾಸ್ಪಿಯನ್ ಸಮುದ್ರವು ಬೇರಾವ ಸಮುದ್ರವನ್ನೂ ಸೇರುವುದಿಲ್ಲವೆಂಬ ಅವನ ಮಾತು ಸರಿಯಾಗಿಯೇ ಇತ್ತು. ಆದರೂ ಎರಡು ಶತಮಾನಗಳ ನಂತರ ಭೂಗೋಳಜ್ಞ ಎರಟೋಸ್ತನೀಸ್ ಅದನ್ನು ಉತ್ತರ ಸಾಗರದ ಕೊಲ್ಲಿಯೆಂದು ಭಾವಿಸಿದನು. ತಿಳಿವಳಿಕೆಯು ಹೀಗೆ ಹಿಂದಕ್ಕೆ ಸರಿದದ್ದು ನಿಜಕ್ಕೂ ಅಚ್ಚರಿಯ ಸಂಗತಿ.

ಉತ್ತರ 2: ಎರಟೋಸ್ತನೀಸನ ಪ್ರಕಾರ ಜನವಸತಿಯ ಜಗತ್ತು ಗೋಳದ ಮೇಲಿನ ಒಂದು ದ್ವೀಪ, ಅದರ ಉದ್ದವು ಅಗಲದ ಸುಮಾರು ಎರಡರಷ್ಟು.

ಉತ್ತರ 3: ಕ್ರಿ.ಶ. 2ನೆಯ ಶತಮಾನದ ಭೂಗೋಳಜ್ಞ ಟಾಲೆಮಿಯಾದರೋ ಹಿಂದೂ ಮಹಾಸಾಗರವನ್ನೇ ನೆಲದಿಂದ ಸುತ್ತುಗಟ್ಟಿ, ದಕ್ಷಿಣದ ಅಂಚಿನಲ್ಲಿ ಅಜ್ಞಾತ ಭೂಮಿಯನ್ನು ಇರಿಸಿದನು.