ಅಪ್ಪನ ಜೊತೆ ಮಾರಿಷಸ್‌ಗೆ: ಯಾವ ತಿಂಗಳು, ಊಟಕ್ಕೆ ಏನು, ಓಡಾಟ ಹೇಗೆ?

ಮುಧೋಳದಾಕಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಮುಧೋಳ ಹತ್ತಿರದ ಹಳ್ಳಿ. ಅಪ್ಪನಿಗೆ 68. ಎಂಟು ಎಕರೆ ಕಬ್ಬು ಇದೆ. ಅವ್ವ ತೀರಿಕೊಂಡು ಎರಡು ವರ್ಷ ಆಯ್ತು, ಅವತ್ತಿನಿಂದ ಅಪ್ಪ ಹೊಲ ಬಿಟ್ಟು ಎಲ್ಲೂ ಹೋಗಿಲ್ಲ. ಈ ಸಲ ನಾನೇ ಹಠ ಹಿಡಿದು ಪಾಸ್‌ಪೋರ್ಟ್ ಮಾಡಿಸಿದ್ದೀನಿ. ಎಲ್ಲಿಗೆ ಹೋಗೋಣ ಅಂತ ಕೇಳಿದರೆ "ಕಬ್ಬು ಇರೋ ಕಡೆ" ಅಂದರು. ಅದಕ್ಕೇ ಮಾರಿಷಸ್.

ಟ್ರಾವೆಲ್ಸ್‌ನವರು ಕೊಟ್ಟ ಪ್ಯಾಕೇಜ್ ಪೂರ್ತಿ ಬೀಚ್. ಐದು ದಿನ ಅಪ್ಪ ಮರಳಲ್ಲಿ ಕೂತು ಏನು ಮಾಡಬೇಕು ಹೇಳಿ. ನಾವು ಲಿಂಗಾಯತರು, ಅಪ್ಪ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಬೆಳಗ್ಗೆ ಸ್ನಾನ, ಲಿಂಗಪೂಜೆ ಆಗದೆ ನೀರೂ ಕುಡಿಯುವುದಿಲ್ಲ. ಮೊಣಕಾಲು ನೋವಿದೆ. ಯಾವ ತಿಂಗಳು ಹೋಗಬೇಕು? ಊಟ ಸಿಗುತ್ತಾ? ಹಿರಿಯರನ್ನು ಕರೆದುಕೊಂಡು ಹೋಗಿ ಬಂದವರು ದಯವಿಟ್ಟು ಹೇಳಿ.

ಟಿಳಕವಾಡಿ ಅಕ್ಕ:

ತಂಗಿ, ನಾನು ನಮ್ಮ ಅತ್ತೆಯವರನ್ನು ಕರೆದುಕೊಂಡು ಆಗಸ್ಟ್‌ನಲ್ಲಿ ಎಂಟು ದಿನ ಹೋಗಿ ಬಂದೆ. ಅವರಿಗೆ 71. ಆ ಬೀಚ್ ಪ್ಯಾಕೇಜ್ ಬೇಡವೇ ಬೇಡ.

ಮೊದಲು ತಿಂಗಳು. ಅಲ್ಲಿ ಕಾಲ ನಮಗೆ ಉಲ್ಟಾ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಸೆಕೆ, ಮಳೆ, ಚಂಡಮಾರುತದ ಕಾಲ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ತಂಪು. ನಿಮ್ಮಪ್ಪನಿಗೆ ಇನ್ನೊಂದು ಅನುಕೂಲ ಇದೆ. ನಮ್ಮ ಕಡೆ ಕಟಾವು, ಫ್ಯಾಕ್ಟರಿ ಎಲ್ಲ ಶುರುವಾಗೋದು ದೀಪಾವಳಿ ಹೊತ್ತಿಗೆ. ಅಲ್ಲಿ ಕಬ್ಬು ಕಡಿಯುವುದು ಜೂನ್‌ನಿಂದ ಡಿಸೆಂಬರ್‌ವರೆಗೆ. ಅಂದರೆ ಇಲ್ಲಿ ಅವರಿಗೆ ಕೈ ಬಿಡುವಿರುವಾಗ ಅಲ್ಲಿ ಕಟಾವು ಜೋರಾಗಿರುತ್ತದೆ. ಆಗಸ್ಟ್, ಸೆಪ್ಟೆಂಬರ್ ಬಿಡಬೇಡಿ.

ವೀಸಾ ಮೊದಲೇ ಮಾಡಿಸಬೇಕಿಲ್ಲ. ವಾಪಸ್ ಟಿಕೆಟ್, ಉಳಿಯುವ ಜಾಗದ ಬುಕಿಂಗ್, ಖರ್ಚಿಗೆ ದುಡ್ಡು ಇದೆ ಅನ್ನೋ ಕಾಗದ ಕೇಳುತ್ತಾರೆ. ಹೊರಡುವ ಮುಂಚೆ ಆನ್‌ಲೈನ್‌ನಲ್ಲಿ ಪ್ರಯಾಣದ ಫಾರ್ಮ್ ತುಂಬಬೇಕು. ಅದು ಸರ್ಕಾರದ್ದು, ಪುಕ್ಕಟೆ. ದುಡ್ಡು ಕೇಳುವ ವೆಬ್‌ಸೈಟ್ ಆದ್ರೆ ಮುಚ್ಚಿಬಿಡಿ. ಮುಂಬೈಯಿಂದ ನೇರ ವಿಮಾನ ಇದೆ, ಆರು ಗಂಟೆ ಚಿಲ್ಲರೆ. ಗಡಿಯಾರ ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸಿ.

ಊಟದ ಚಿಂತೆ ಬಿಡಿ. ನಾವೂ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹೊತ್ತುಕೊಂಡು ಹೋಗಿದ್ದೆವು. ಆದರೆ ಎರಡನೇ ದಿನ ಅಲ್ಲಿನ ರಾಜಧಾನಿ ಪೋರ್ಟ್ ಲೂಯಿ ಮಾರ್ಕೆಟ್‌ನಲ್ಲಿ ಧೋಲ್ ಪುರಿ ತಿಂದ ಮೇಲೆ ಅತ್ತೆ ರೊಟ್ಟಿ ಡಬ್ಬಿ ತೆಗೆಯಲೇ ಇಲ್ಲ. ತೆಳ್ಳಗಿನ, ಮೆತ್ತನೆ ಹಾಳೆ. ಒಳಗೆ ಬೇಳೆಯ ಒಣ ಪುಡಿ, ಅರಿಶಿನದ ಬಣ್ಣ. ಮೇಲೆ ಬಿಳಿ ಅವರೆಯಂಥ ದೊಡ್ಡ ಕಾಳಿನ ಪಲ್ಯ, ಟೊಮೆಟೊ ಗೊಜ್ಜು, ಹಸಿ ಮೆಣಸಿನಕಾಯಿ ಚಟ್ನಿ. ಯಾವಾಗಲೂ ಜೋಡಿಯಾಗಿಯೇ ಕೊಡುತ್ತಾರೆ, ಕಾಗದದಲ್ಲಿ ಸುತ್ತಿ. ಅತ್ತೆ ಒಂದರ ಅಂಚು ಹರಿದು, ಬೇಳೆ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ನೋಡಿ, "ಇದು ಬೆಲ್ಲ ಹಾಕದ ಹೋಳಿಗೆ ಅಲ್ವಾ?" ಅಂದರು. ನನಗೆ ಅವತ್ತು ಕಣ್ಣು ತುಂಬಿ ಬಂತು. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಿಂದ ಅಲ್ಲಿನ ಕಬ್ಬಿನ ಹೊಲಕ್ಕೆ ಕೂಲಿಗೆ ಹೋದವರು ಕೈಯಲ್ಲಿ ಹಿಡಿದುಕೊಂಡು ಹೋದದ್ದು ಇದೇ ರುಚಿ.

ಆ ಜನ ಇಳಿದ ಜಾಗವೇ ಆಪ್ರವಾಸಿ ಘಾಟ್, ಅದೇ ಪೋರ್ಟ್ ಲೂಯಿ ಬಂದರಿನಲ್ಲಿ. 1834ರ ನವೆಂಬರ್ 2ಕ್ಕೆ ಮೊದಲ ಹಡಗಿನ ಕೂಲಿಗಳು ಬಂದರು. 1920ರ ಹೊತ್ತಿಗೆ ಸುಮಾರು ನಾಲ್ಕೂವರೆ ಲಕ್ಷ ಜನ. ಅವರು ಹತ್ತಿ ಬಂದ ಕಲ್ಲಿನ ಮೆಟ್ಟಿಲು ಈಗಲೂ ಇವೆ. ಭಾನುವಾರ ಮುಚ್ಚಿರುತ್ತದೆ, ನೋಡಿಕೊಂಡು ಹೋಗಿ. ನಿಮ್ಮಪ್ಪ ಇದನ್ನು ನೋಡದೆ ಬರಬಾರದು.

ಗಂಗಾ ತಲಾವ್‌ನಲ್ಲಿ ನಾವು ಒಂದು ತಪ್ಪು ಮಾಡಿದೆವು. ಅದು ಗುಡ್ಡದ ಮೇಲಿನ ಕೆರೆ, 33 ಮೀಟರ್ ಎತ್ತರದ ಶಿವನ ಮೂರ್ತಿ ಇದೆ. ಬಸ್ಸಿನಲ್ಲೇ ಹೋದೆವು. ವಾಪಸ್ ಬರುವ ಬಸ್ಸಿಗೆ ಕಾದು ಕಾದು ಕತ್ತಲಾಯ್ತು. ಮಂಜು, ಗಾಳಿ, ಚಳಿ. ಅತ್ತೆ ನಡುಗುತ್ತಿದ್ದರು, ನನಗೆ ಅಳುವೇ ಬಂದಿತ್ತು. ಕೊನೆಗೆ ಪೂಜೆಗೆ ಬಂದಿದ್ದ ಒಂದು ಕುಟುಂಬ ಕಾರಲ್ಲಿ ಕೂರಿಸಿಕೊಂಡು ಕ್ಯೂರ್‌ಪೀಪ್‌ವರೆಗೆ ಬಿಟ್ಟಿತು. ಬಸ್ಸುಗಳು ಸಂಜೆಗೇ ನಿಂತುಬಿಡುತ್ತವೆ. ಆ ಒಂದು ದಿನಕ್ಕಾದರೂ ಕಾರು ಮಾಡಿಕೊಳ್ಳಿ. ಸ್ವೆಟರ್ ಇರಲಿ, ಬಿಸಿ ನಾಡು ಅಂತ ಸುಮ್ನೆ ಹೋಗಬೇಡಿ.

ಸಾವಳಗಿ ಬಸ್ ಸ್ಟ್ಯಾಂಡ್:

ಅಕ್ಕಾವ್ರು ಚೆನ್ನಾಗಿ ಹೇಳಿದ್ದಾರೆ. ನಾನೂ ಕಬ್ಬು ಬೆಳೆಯುವವನೇ, ಎರಡು ಮಾತು ಸೇರಿಸ್ತೀನಿ.

ಬೋ ಪ್ಲಾನ್ ಅನ್ನೋ ಊರಲ್ಲಿ ಹಳೇ ಸಕ್ಕರೆ ಕಾರ್ಖಾನೆಯನ್ನೇ ಮ್ಯೂಸಿಯಂ ಮಾಡಿದ್ದಾರೆ. 1999ರಲ್ಲಿ ಕಾರ್ಖಾನೆ ನಿಂತಿತು, 2002ರಲ್ಲಿ ಮ್ಯೂಸಿಯಂ ತೆರೆಯಿತು. ದೊಡ್ಡ ದೊಡ್ಡ ಗಾಲಿ, ಕಡಾಯಿ ಎಲ್ಲ ಇದ್ದ ಜಾಗದಲ್ಲೇ ಇವೆ. ಕೊನೆಗೆ ಬೇರೆ ಬೇರೆ ಸಕ್ಕರೆ ರುಚಿ ನೋಡಲು ಕೊಡುತ್ತಾರೆ. ಅದರಲ್ಲಿ ಕಪ್ಪು ಬಣ್ಣದ್ದೊಂದನ್ನು ಮೂಸಿದರೆ ನಮ್ಮ ಗಾಣದ ಮನೆಯ ವಾಸನೆ! ಅರ್ಧ ದಿನ ಇಟ್ಟುಕೊಳ್ಳಿ. ಪಕ್ಕದಲ್ಲೇ ಪಾಂಪ್ಲೆಮೂಸ್ ತೋಟ, ತಟ್ಟೆಯಷ್ಟಲ್ಲ, ಪರಾತದಷ್ಟು ಅಗಲದ ತಾವರೆ ಎಲೆ. ನೆಲ ಸಮ ಇದೆ, ಮೊಣಕಾಲಿಗೆ ತೊಂದರೆ ಇಲ್ಲ.

ರಸ್ತೆ ಬದಿ ಕಬ್ಬಿನ ಹೊಲದ ನಡುವೆ ಕಪ್ಪು ಕಲ್ಲಿನ ರಾಶಿ ಕಾಣುತ್ತವೆ, ಮನೆ ಎತ್ತರಕ್ಕೆ. ಜ್ವಾಲಾಮುಖಿಯ ನೆಲ ಅದು. ಆ ಕಲ್ಲಲ್ಲಿ ಬಹಳಷ್ಟು ಕೂಲಿಗಳು ಕೈಯಿಂದ ಆರಿಸಿ ಒಟ್ಟಿದ್ದು. ಅಲ್ಲಿ ಗಾಡಿ ನಿಲ್ಲಿಸಲು ಹೇಳಿ. ಒಂದೆಕರೆ ಕಲ್ಲು ಆರಿಸಿದವರಿಗೆ ಮಾತ್ರ ಆ ರಾಶಿಯ ಬೆಲೆ ತಿಳಿಯುತ್ತದೆ.

ಇನ್ನೊಂದು, ತಪ್ಪು ತಿಳಿಯಬೇಡಿ. ರೈತನ ಕೈ ಸುಮ್ಮನಿರಲ್ಲ. ನಿಮ್ಮಪ್ಪ ಕಬ್ಬಿನ ಒಂದು ಗಣಿಕೆ, ಅಂದರೆ ಬೀಜಕ್ಕೆ ಹಾಕುವ ತುಂಡು, ಮುರಿದು ಬ್ಯಾಗಿಗೆ ಹಾಕಿಕೊಳ್ಳೋಕೆ ನೋಡ್ತಾರೆ, ಬಿಡಬೇಡಿ. ಇಲ್ಲಿಂದ ಬೀಜ, ಹಣ್ಣು ಒಯ್ಯುವುದೂ ಬೇಡ. ಅನುಮತಿ ಇಲ್ಲದೆ ಎರಡೂ ಕಡೆ ತಪ್ಪು. ಕಬ್ಬಿನ ರೋಗ ಗಣಿಕೆಯಲ್ಲೇ ಬರುತ್ತದೆ, ನಮ್ಮ ಊರಿಗೆಲ್ಲ ಹರಡಿದರೆ ಗತಿ ಏನು?

ಮುಧೋಳದಾಕಿ:

ಇಬ್ಬರಿಗೂ ಕೈ ಮುಗಿದೆ. ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ಕಲ್ಲಿನ ರಾಶಿಯದ್ದು ಎರಡು ಸಲ ಓದಿಸಿದರು. ಶ್ರಾವಣದಲ್ಲಿ ಮನೆ ಬಿಡುವುದಿಲ್ಲವಂತೆ, ಅದು ಮುಗಿದ ಮೇಲೆ ಹೊರಡೋಣ ಅಂದಿದ್ದಾರೆ. ಅಂದರೆ ಗಣೇಶ ಚೌತಿ ಅಲ್ಲೇ ಆಗುತ್ತೆ. ದುಡ್ಡು ಹೇಗೆ ಒಯ್ಯಬೇಕು? ಅಪ್ಪನ ನೋವಿನ ಮಾತ್ರೆ, ವಿಭೂತಿಗೆ ಏನಾದರೂ ತೊಂದರೆ ಇದೆಯಾ?

ಟಿಳಕವಾಡಿ ಅಕ್ಕ:

ಮಾತ್ರೆ ಬಗ್ಗೆ ಕೇಳಿದ್ದು ಒಳ್ಳೇದಾಯ್ತು. ಚೀಟಿ ನೋಡಿ. ಟ್ರಮಡಾಲ್, ಕೋಡೀನ್ ಇರುವ ಮಾತ್ರೆಗಳಿಗೆ ಅಲ್ಲಿ ಕಾನೂನು ಬಹಳ ಬಿಗಿ. ಇದ್ದರೆ ಡಾಕ್ಟರಿಗೆ ಹೇಳಿ ಬೇರೆ ಬರೆಸಿಕೊಳ್ಳಿ. ಉಳಿದ ಮಾತ್ರೆಗಳನ್ನು ಪ್ಯಾಕೆಟ್ ಸಮೇತ, ಚೀಟಿ ಜೊತೆ ಇಡಿ. ವಿಭೂತಿ ಪುಡಿ ಬೇಡ, ಗಟ್ಟಿ ಒಯ್ಯಿರಿ. ನಮ್ಮ ಅತ್ತೆ ಹಾಗೇ ಒಯ್ದರು, ಯಾರೂ ಕೇಳಲಿಲ್ಲ.

ದುಡ್ಡು ಅಲ್ಲೂ ರೂಪಾಯಿಯೇ, ಆದರೆ ಮಾರಿಷಸ್ ರೂಪಾಯಿ, ನಮ್ಮದಕ್ಕಿಂತ ಬೆಲೆ ಜಾಸ್ತಿ. 2024ರ ಫೆಬ್ರವರಿಯಿಂದ ರುಪೇ ಕಾರ್ಡು, ಯುಪಿಐ ಅಲ್ಲೂ ಶುರುವಾಗಿವೆ. ಆದರೂ ಬಸ್ಸಿಗೆ, ಧೋಲ್ ಪುರಿ ಗಾಡಿಗೆ ನಗದು ಬೇಕು. ಟ್ಯಾಕ್ಸಿಗೆ ಹತ್ತುವ ಮುಂಚೆ ರೇಟು ಮಾತಾಡಿ. ಪ್ಲಗ್ ಮೂರು ಚೌಕ ಕಡ್ಡಿಯದ್ದು, ಅಡಾಪ್ಟರ್ ಇಲ್ಲಿಂದಲೇ ತಗೊಳ್ಳಿ. ಉಳಿಯಲು ಅಡುಗೆಮನೆ ಇರುವ, ನೆಲಮಹಡಿಯ ಮನೆ ಹುಡುಕಿ. ಬೆಳಗ್ಗೆ ಬಿಸಿನೀರು, ಪೂಜೆ, ಚಹಾ ಎಲ್ಲ ನಿಮ್ಮ ಕೈಯಲ್ಲೇ ಇರುತ್ತದೆ. ಇಡೀ ದೇಶ ಸುಮಾರು 2,040 ಚದರ ಕಿ.ಮೀ. ಅಷ್ಟೇ, ಬಾಗಲಕೋಟೆ ಜಿಲ್ಲೆಯ ಮೂರನೇ ಒಂದು ಭಾಗವೂ ಇಲ್ಲ. ಒಂದೇ ಕಡೆ ಇದ್ದು ಎಲ್ಲ ನೋಡಬಹುದು.

ಚೌತಿ ಅಲ್ಲಿ ಸರ್ಕಾರಿ ರಜೆ. ಅಲ್ಲಿರುವ ಮರಾಠಿ ಮನೆತನದವರು ಗಣಪತಿಯನ್ನು ಸಮುದ್ರಕ್ಕೆ ತಂದು ಬಿಡುತ್ತಾರೆ. ಅಪ್ಪನನ್ನು ಬೀಚಿಗೆ ಕರೆದುಕೊಂಡು ಹೋಗಲು ಅದೇ ಸರಿಯಾದ ದಿನ. ಚಪ್ಪಲಿ ಬಿಟ್ಟು ನೀರಿಗಿಳಿಯಬೇಡಿ, ಹವಳದ ಕಲ್ಲು, ಮುಳ್ಳು ಇರುತ್ತವೆ. ಕಾರು ಮಾತ್ರ ಇವತ್ತೇ ಹೇಳಿಡಿ, ರಜೆ ದಿನ ಬಸ್ಸು ಕಡಿಮೆ.

ಮುಧೋಳದಾಕಿ:

ಚೀಟಿ ನೋಡಿದೆ ಅಕ್ಕಾ, ಟ್ರಮಡಾಲ್ ಇದೆ. ನಾಳೆಯೇ ಡಾಕ್ಟರ ಹತ್ತಿರ ಹೋಗ್ತೀವಿ. ಗಣಿಕೆ ವಿಷಯ ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಟ್ಟಿ ನೋಡಬಹುದಲ್ಲ?" ಅಂತ ಕೇಳಿದರು.