ಸಿನಿಮಾ ಸೇರಲು ಶುಲ್ಕವೇ? ನಮ್ಮ ಕುಟುಂಬದ ಗುಂಪಿನಲ್ಲಿ ನಡೆದ ಚರ್ಚೆ

ರಾಘು ಚಿಕ್ಕಪ್ಪ, ಹಾಸನ: (ಫಾರ್ವರ್ಡ್ ಆದ ಜಾಹೀರಾತು: "ಹೊಸ ಚಿತ್ರಕ್ಕೆ ಸಹಾಯಕ ನಿರ್ದೇಶಕರು ಬೇಕಾಗಿದ್ದಾರೆ. ಅನುಭವ ಅಗತ್ಯವಿಲ್ಲ. ತರಬೇತಿ ಶುಲ್ಕ 40,000 ರೂಪಾಯಿ. ತೆರೆಯ ಮೇಲೆ ಹೆಸರು ಖಚಿತ.") ನಮ್ಮ ಮೇಘನಾ ಡಿಗ್ರಿ ಮುಗಿಸಿದಂದಿನಿಂದ ಸಿನಿಮಾ ಎಂದು ಕನವರಿಸುತ್ತಿರುವುದರಿಂದ ಇದನ್ನು ಹಾಕಿದ್ದೇನೆ. ಹಣದ ಜವಾಬ್ದಾರಿ ನನ್ನದು.

ಅನಿಲ, ಚಿತ್ರೀಕರಣದ ಯೂನಿಟ್ಟಿನಲ್ಲಿ ಕೆಲಸ ಮಾಡುವವನು: ಚಿಕ್ಕಪ್ಪ, ನಿಮ್ಮ ಒಳ್ಳೆಯ ಮನಸ್ಸಿನ ಬಗ್ಗೆ ಎರಡು ಮಾತಿಲ್ಲ, ಆದರೆ ದಯವಿಟ್ಟು ಈ ಹಣ ಕಟ್ಟಬೇಡಿ. ಯೂನಿಟ್ಟಿಗೆ ನಿಜವಾಗಿಯೂ ಜನ ಬೇಕಾದಾಗ ಆಯಾ ವಿಭಾಗದ ಮುಖ್ಯಸ್ಥರೋ ಪ್ರೊಡಕ್ಷನ್ ಮ್ಯಾನೇಜರೋ ತಮಗೆ ಗೊತ್ತಿರುವವರಿಗೆ ಫೋನ್ ಮಾಡಿ ಕರೆಸಿಕೊಳ್ಳುತ್ತಾರೆಯೇ ಹೊರತು, ದುಡಿಯಲು ಬರುವವರಿಂದಲೇ ದುಡ್ಡು ಕೇಳುವುದಿಲ್ಲ.

ರಾಘು ಚಿಕ್ಕಪ್ಪ: ಸಿನಿಮಾ ಕೆಲಸಗಾರರ ಸಂಘದ ಕಾರ್ಡಿಗೂ ಹಣ ಕಟ್ಟಬೇಕೆಂದು ನೀನೇ ಹೇಳಿದ್ದೆಯಲ್ಲ? ಮೈಸೂರಿನ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರು ಕೂಡ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಮಾಡಿಕೊಂಡೇ ಮುಂಬಯಿಗೆ ಹೋದವರು.

ಅನಿಲ: ಹೋದರು, ಆದರೆ ಅಲ್ಲಿ ಮೊದಲು ಸಹಾಯಕರಾಗಿಯೇ ದುಡಿದರು. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರಿಗೇ ಡಿಪ್ಲೊಮಾ ನೇರವಾಗಿ ಕ್ಯಾಮೆರಾ ಕೊಡಿಸಲಿಲ್ಲ. ಕಲಿಯಲೇಬೇಕೆಂದಿದ್ದರೆ ಹೆಸರಘಟ್ಟದ ಸರ್ಕಾರಿ ಸಂಸ್ಥೆಯಲ್ಲಿ ಛಾಯಾಗ್ರಹಣಕ್ಕೂ ಧ್ವನಿಗ್ರಹಣಕ್ಕೂ ಡಿಪ್ಲೊಮಾ ಇದೆ. ಸಂಘದ ಕಾರ್ಡಿನ ಮಾತು ಬೇರೆ, ಅದು ಕೆಲಸ ಶುರುವಾದ ಮೇಲೆ ರಸೀದಿ ಪಡೆದು ಕಟ್ಟುವ ಸದಸ್ಯತ್ವ ಶುಲ್ಕ. ಮೇಘನಾ ಸದ್ಯಕ್ಕೆ ಯಾವುದಾದರೂ ಚಿತ್ರದಲ್ಲಿ ಕೆಲವು ತಿಂಗಳು ಸಂಬಳ ಕೇಳದೆ ನಿಂತು ಕಲಿಯಲಿ, ನಾವೆಲ್ಲ ಹಾಗೆಯೇ ಬಂದವರು.

ಸುಮತಿ ಅತ್ತೆ: ಅನಿಲ, ಇಲ್ಲಿ ನಿನ್ನ ಮಾತನ್ನು ಒಪ್ಪಲಾರೆ. ಆರು ತಿಂಗಳು ಬೆಂಗಳೂರಿನಲ್ಲಿ ಪಿ.ಜಿ. ಬಾಡಿಗೆ, ಊಟ, ಓಡಾಟದ ಖರ್ಚನ್ನು ಮನೆಯವರು ಹೊತ್ತು, ಹುಡುಗಿ ಬೆಳಗಿನ ಜಾವದಿಂದ ಪುಕ್ಕಟೆ ದುಡಿದರೆ, ಅದು ರಾಘು ಕಟ್ಟಲು ಹೊರಟಿರುವ 40,000ಕ್ಕಿಂತ ದೊಡ್ಡ ಶುಲ್ಕವಲ್ಲವೇ? ಮನೆಯಲ್ಲಿ ಅನುಕೂಲವಿಲ್ಲದವರ ಮಕ್ಕಳು ಈ ಕ್ಷೇತ್ರಕ್ಕೆ ಬರಲಾಗದಿರುವುದೇ ಇದರಿಂದ. ಕಾರ್ಮಿಕ ಇಲಾಖೆಯಲ್ಲಿ ಕೂದಲು ಹಣ್ಣಾದವಳು ನಾನು. ಕಥಾಚಿತ್ರದ ಕಾರ್ಮಿಕರಿಗೆ ಲಿಖಿತ ಒಪ್ಪಂದ ಬೇಕೆಂದು 1981ರ ಕೇಂದ್ರ ಕಾಯ್ದೆಯೇ ಹೇಳಿತ್ತು.

ಅನಿಲ: ಕಾಯ್ದೆ ಇತ್ತು ಅತ್ತೆ, ಆದರೆ ಹೊಸಬರ ಕೈಗೆ ಕಾಗದ ಬರುವುದು ಅಪರೂಪ. ಆದರೂ ಬಾಡಿಗೆಯ ಲೆಕ್ಕಕ್ಕೆ ನನ್ನಲ್ಲಿ ಉತ್ತರವಿಲ್ಲ. ಹಾಗಿದ್ದರೆ ಸಿನಿಮಾಕ್ಕಿಂತ ಧಾರಾವಾಹಿಯೇ ಮೇಲು. ದಿನವೂ ಪ್ರಸಾರವಾಗಬೇಕಾದ್ದರಿಂದ ಚಿತ್ರೀಕರಣ ನಿಲ್ಲುವುದಿಲ್ಲ, ದಿನಗೂಲಿ ಕಡಿಮೆಯಾದರೂ ಕೈಗೆ ಸಿಗುತ್ತದೆ. ಕ್ಯಾಮೆರಾ, ಧ್ವನಿ ಉಪಕರಣಗಳನ್ನು ಬಾಡಿಗೆಗೆ ಕೊಡುವವರ ಬಳಿ ಕೆಲಸಕ್ಕೆ ಸೇರುವುದು ಇನ್ನೊಂದು ದಾರಿ. ಉಪಕರಣದ ಜೊತೆ ಅವರ ಆಳೂ ಸೆಟ್ಟಿಗೆ ಹೋಗುತ್ತಾನೆ.

ಮೇಘನಾ: ಅನಿಲಣ್ಣ, ನನಗೆ ನಿರ್ದೇಶನ ವಿಭಾಗವೇ ಬೇಕು.

ಅನಿಲ: ಎಲ್ಲರೂ ಕೇಳುವುದು ಅದನ್ನೇ, ಆದ್ದರಿಂದಲೇ ಜಾಹೀರಾತು ಹಾಕುವವರೂ ಅದನ್ನೇ ಮಾರುತ್ತಾರೆ. ಲೈವ್ ಸೌಂಡ್, ಅಂದರೆ ಚಿತ್ರೀಕರಣದ ಹೊತ್ತಿಗೇ ಸಂಭಾಷಣೆ ಮುದ್ರಿಸಿಕೊಳ್ಳುವ ಧಾರಾವಾಹಿಯ ಧ್ವನಿ ವಿಭಾಗವನ್ನು ಒಮ್ಮೆ ನೋಡು. ರೇಷ್ಮೆ ಸೀರೆಯ ಸರಪರ ಸದ್ದು ಕೇಳಿಸದಂತೆ ಬಟ್ಟೆಯಲ್ಲಿ ಅಡಗಿಸುವ ಪುಟ್ಟ ಲೇಪಲ್ ಮೈಕನ್ನು ಎಲ್ಲಿ ಅಂಟಿಸಬೇಕು, ಬ್ಯಾಟರಿ ಎಷ್ಟು ಹೊತ್ತಿಗೆ ಬದಲಿಸಬೇಕು, ದೃಶ್ಯ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನಿರಿಸಿ ಕೋಣೆಯ ನಿಶ್ಶಬ್ದವನ್ನು ಏಕೆ ಅರ್ಧ ನಿಮಿಷ ಮುದ್ರಿಸಿಕೊಳ್ಳಬೇಕು ಎಂಬುದೆಲ್ಲ ಅಲ್ಲಿ ಕೈಗೆ ಹತ್ತುತ್ತದೆ. ಕಲಾವಿದೆಯರಿಗೆ ಮೈಕ್ ಕಟ್ಟಲು ಹೆಣ್ಣುಮಕ್ಕಳಿದ್ದರೆ ಒಳ್ಳೆಯದೆಂದು ನಮ್ಮ ಯೂನಿಟ್ಟಿನಲ್ಲಿ ಆಗಾಗ ಹುಡುಕುತ್ತಾರೆ. ಸಂಭಾಷಣೆಯನ್ನು ಹೆಡ್‌ಫೋನಿನಲ್ಲಿ ಟೇಕಿನಿಂದ ಟೇಕಿಗೆ ಕೇಳಿದವಳು ನಾಳೆ ನಿರ್ದೇಶನಕ್ಕೆ ಹೋದರೆ ಅದೇನೂ ನಷ್ಟವಲ್ಲ.

ಮೇಘನಾ: ಒಂದು ವಾರ ಬಂದು ನೋಡುತ್ತೇನೆ. ಒಪ್ಪಿಗೆಯಾದರೆ ಮಾತ್ರ ಮುಂದುವರಿಯುತ್ತೇನೆ.

ರಾಘು ಚಿಕ್ಕಪ್ಪ: ಜಾಹೀರಾತನ್ನು ಅಳಿಸುವುದಿಲ್ಲ, ಉಳಿದವರೂ ನೋಡಲಿ. ಆ 40,000 ಅವಳ ಪಿ.ಜಿ. ಬಾಡಿಗೆಗೆ ಹೋಗಲಿ. ಅದು ಖರ್ಚಾಗುವಷ್ಟರಲ್ಲಿ ಸಂಬಳ ಶುರುವಾಗದಿದ್ದರೆ ಅವಳು ಹಾಸನಕ್ಕೆ ಬರಬೇಕು.

ಸುಮತಿ ಅತ್ತೆ: ದಿನಕ್ಕೆಷ್ಟು ಕೊಡುತ್ತಾರೆ, ಯಾವತ್ತು ಕೊಡುತ್ತಾರೆ ಎಂಬುದನ್ನು ಒಂದು ವಾಟ್ಸಾಪ್ ಸಂದೇಶದಲ್ಲಾದರೂ ಬರೆಸಿಕೊಳ್ಳಲಿ. ರಾತ್ರಿ ಹನ್ನೊಂದಕ್ಕೆ ಪ್ಯಾಕಪ್ ಆದರೆ ಪಿ.ಜಿ.ವರೆಗೆ ಬಿಡುವ ಗಾಡಿ ಯಾರದು?

ಅನಿಲ: ಯೂನಿಟ್ಟಿನದು. ಅದನ್ನು ಮೊದಲ ದಿನವೇ ಮ್ಯಾನೇಜರ್ ಬಳಿ ಕೇಳಿ ಖಚಿತಪಡಿಸಿಕೊಳ್ಳಬೇಕು, ನಾನೂ ಜೊತೆಯಲ್ಲಿರುತ್ತೇನೆ.