ಅಪ್‌ಡೇಟ್: ಎಂಬಿಎ ಕ್ಲಾಸಿನಲ್ಲಿ ಇನ್ಸುಲಿನ್ ಪಾಠ

ಬಯಾಲಜಿ ಓದದ ಎಂಬಿಎ ಮಕ್ಕಳಿಗೆ ಜೈವಿಕ ತಂತ್ರಜ್ಞಾನ ಹೇಗೆ ಕಲಿಸಲಿ ಅಂತ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ‘ಜೀವಕೋಶದಿಂದ ಬೇಡ, ಔಷಧದಿಂದ ಶುರು ಮಾಡಿ’ ಅಂದಿದ್ರಿ. ಹಾಗೇ ಮಾಡಿದೆ, ತುಂಬ ಚೆನ್ನಾಗಿ ಆಯ್ತು.

ಇನ್ಸುಲಿನ್ ತಗೊಂಡೆ. ಮೊದಲು ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೀತಿದ್ರು. ಮನುಷ್ಯರ ಇನ್ಸುಲಿನ್ ಜೀನನ್ನು ಬ್ಯಾಕ್ಟೀರಿಯಾಗೆ ಸೇರಿಸಿ ತಯಾರಿಸಿದ ಇನ್ಸುಲಿನ್‌ಗೆ 1982ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇಷ್ಟು ಹೇಳುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿ, ‘ಮೇಡಂ, ಪೇಟೆಂಟ್ ಮುಗಿದ ಮೇಲೂ ಇದರ ಬೆಲೆ ಪ್ಯಾರಾಸಿಟಮಾಲ್ ಥರ ಯಾಕೆ ಇಳಿಯಲ್ಲ?’ ಅಂದಳು. ಎಂಥ ಪ್ರಶ್ನೆ! ಬಯೋಸಿಮಿಲರ್ (ಇಂಥ ಜೈವಿಕ ಔಷಧಕ್ಕೆ ತೀರ ಹತ್ತಿರವಾಗಿ ಬೇರೆ ಕಂಪನಿ ತಯಾರಿಸುವ ಔಷಧ) ಪಾಠ ಅಲ್ಲಿಂದಲೇ ಶುರುವಾಯ್ತು. ಜೀವಂತ ಕೋಶದಲ್ಲಿ ತಯಾರಾಗುವ ಇನ್ಸುಲಿನ್‌ನಂಥ ಪ್ರೋಟೀನು ಅಚ್ಚೊತ್ತಿದ ಹಾಗೆ ಬರೋದಿಲ್ಲ. ಮೂಲ ಔಷಧಕ್ಕೆ ಸಮ ಅಂತ ತೋರಿಸೋದಕ್ಕೇ ದೊಡ್ಡ ಖರ್ಚು.

ಬೆಂಗಳೂರಿನ ಬಯೋಕಾನ್ ಕಂಪನಿ 1978ರಲ್ಲಿ ಪಪ್ಪಾಯಿ ಕಿಣ್ವದಿಂದ ಶುರುವಾಗಿ ಇನ್ಸುಲಿನ್‌ವರೆಗೆ ಬಂದದ್ದನ್ನು ಮುಂದಿನ ಕ್ಲಾಸಿಗೆ ಇಟ್ಟುಕೊಂಡಿದ್ದೇನೆ.